ಕಲ್ಲನ್ನು ಬೈಯುವ ಮೊದಲು ಲಾಕ್ ನೋಡಿ

ಚಕಮಕಿ ರೈಫಲ್ (ಕಲ್ಲು ಉಕ್ಕಿಗೆ ತಾಗಿ ಎದ್ದ ಕಿಡಿಯಿಂದ ಮದ್ದು ಹೊತ್ತುವ ಹಳೆಯ ಬಗೆಯ ಬಂದೂಕು) ಹವ್ಯಾಸದವರು ನಾಲ್ಕು ಜನ ಸೇರಿದರೆ ಈ ದೂರು ಬಂದೇ ಬರುತ್ತದೆ. ‘ಈ ಸಲದ ಕಲ್ಲು ಸರಿಯಿಲ್ಲ, ನಾಲ್ಕೈದು ಈಡಿಗೇ ಅಂಚು ಹೋಯ್ತು.’ ಆಮೇಲೆ ಬೇರೆ ಕಡೆಯಿಂದ ಕಲ್ಲು ತರಿಸುತ್ತಾರೆ. ಅದೂ ಒಡೆಯುತ್ತದೆ. ಮತ್ತೆ ಇನ್ನೂ ದಪ್ಪದ್ದು ತರಿಸುತ್ತಾರೆ. ಕಲ್ಲಿಗೆ ಇಷ್ಟು ದುಡ್ಡು ಸುರಿಯುವವರು ಲಾಕ್ ಕಡೆ, ಅಂದ್ರೆ ಕಲ್ಲು ಹಿಡಿದು ಕಿಡಿ ಎಬ್ಬಿಸುವ ಯಂತ್ರದ ಕಡೆ, ಮಾತ್ರ ತಿರುಗಿಯೂ ನೋಡುವುದಿಲ್ಲ. ನನಗೆ ಇದು ನಿಜವಾಗಿಯೂ ಬೇಜಾರು ತರಿಸುತ್ತದೆ. ನಾನು ನೋಡಿದ ಮಟ್ಟಿಗೆ, ಕಲ್ಲು ಪದೇ ಪದೇ ಒಡೆಯುತ್ತಿದ್ದರೆ ತೊಂದರೆ ಹೆಚ್ಚಾಗಿ ಇರುವುದು ಲಾಕ್‌ನಲ್ಲೇ.

ಕೆಟ್ಟ ಕಲ್ಲು ಇರುವುದೇ ಇಲ್ಲ ಅಂತಲ್ಲ. ಒಳಗೆ ಕೂದಲೆಳೆಯಷ್ಟು ಬಿರುಕಿರುವ ಕಲ್ಲು ಎರಡನೇ ಏಟಿಗೇ ಕೈಕೊಡಬಹುದು. ಒಳ್ಳೆಯ ಕಲ್ಲೂ ಸವೆಯುತ್ತದೆ. ಹಿಂದೆ ಅಮೆರಿಕದ ಸೈನ್ಯದಲ್ಲಿ ಸುಮಾರು 20 ಸುತ್ತಿಗೆ ಒಂದು ಕಲ್ಲು ಎಂಬ ಲೆಕ್ಕದಲ್ಲಿ ಕೊಡುತ್ತಿದ್ದರು. ಆದರೆ ಇಂಗ್ಲೆಂಡಿನ ಬ್ರ್ಯಾಂಡನ್ ಊರಿನ ಕಪ್ಪು ಕಲ್ಲು, ಫ್ರಾನ್ಸಿನ ಜೇನು ಬಣ್ಣದ ಕಲ್ಲು, ಗರಗಸದಲ್ಲಿ ಕೊಯ್ದ ಅಗೇಟ್, ಮೂರೂ ಒಂದೇ ಲಾಕ್‌ನಲ್ಲಿ ಒಂದೇ ರೀತಿ ಒಡೆದರೆ ಇನ್ನು ಕಲ್ಲನ್ನು ಬೈದು ಏನು ಪ್ರಯೋಜನ?

ಕಿಡಿ ಬರುವುದು ಕಲ್ಲಿನಿಂದಲ್ಲ, ಉಕ್ಕಿನಿಂದ. ಕುದುರೆ (ಕಲ್ಲನ್ನು ದವಡೆಯಲ್ಲಿ ಕಚ್ಚಿ ಹಿಡಿದಿರುವ ತೋಳು) ಬೀಳುವಾಗ ಕಲ್ಲಿನ ಅಂಚು ಎದುರಿನ ಫ್ರಿಜನ್ ಎಂಬ ಉಕ್ಕಿನ ಮುಚ್ಚಳದ ಮುಖವನ್ನು ಮೇಲಿಂದ ಕೆಳಗೆ ಕೆರೆಯುತ್ತದೆ. ಕೆರೆದಾಗ ಎದ್ದ ಉಕ್ಕಿನ ಸಣ್ಣ ಸಿಪ್ಪೆಗಳು ಗಾಳಿಯಲ್ಲಿ ಹೊತ್ತಿ ಉರಿಯುತ್ತಾ ಆ ಮುಚ್ಚಳದ ಕೆಳಗಿನ ಪ್ಯಾನ್ ಎಂಬ ಪುಟ್ಟ ಬಟ್ಟಲಿನಲ್ಲಿರುವ ಮದ್ದಿನ ಮೇಲೆ ಬೀಳುತ್ತವೆ. ಅಂದ್ರೆ ಕಲ್ಲಿನ ಕೆಲಸ ಕೆರೆಯುವುದು. ಕೆರೆಯಬೇಕಾದ ಕಲ್ಲು ಗುದ್ದತೊಡಗಿದರೆ ಒಡೆಯುತ್ತದೆ. ಲಾಕ್ ಯಾಕೆ ಗುದ್ದಿಸುತ್ತಿದೆ ಅಂತ ಹುಡುಕುವುದೇ ಇಲ್ಲಿ ಇರುವ ಕೆಲಸ.

ಪರೀಕ್ಷೆಗೆ ಕೂರುವ ಮುಂಚೆ ರೈಫಲ್ ಖಾಲಿ ಇರಬೇಕು. ನಳಿಗೆಯೊಳಗೆ ಗಜ (ಮದ್ದು ತುಂಬುವ ಉದ್ದನೆಯ ಕೋಲು) ಇಳಿಸಿ ತಳ ಮುಟ್ಟಿದ್ದನ್ನು ಖಾತ್ರಿ ಮಾಡಿಕೊಳ್ಳಿ. ಪ್ಯಾನ್ ಒರೆಸಿ, ಮದ್ದನ್ನು ದೂರ ಇಡಿ. ಕಣ್ಣಿಗೆ ಕನ್ನಡಕ ಹಾಕಿ, ಹಾರುವ ಚೂರು ಬ್ಲೇಡಿನಷ್ಟೇ ಹರಿತ. ಫ್ರಿಜನ್ ತೆರೆದಿಟ್ಟು ಸುಮ್ನೆ ಕುದುರೆ ಬೀಳಿಸಬೇಡಿ. ತಡೆಯುವುದು ಏನೂ ಇಲ್ಲದೆ ಬಿದ್ದ ಕುದುರೆಯ ಪೆಟ್ಟೆಲ್ಲ ಲಾಕ್‌ಗೇ ತಾಗುತ್ತದೆ.

ಈಗ ಫ್ರಿಜನ್ ಮುಖಕ್ಕೆಲ್ಲ ಕಪ್ಪು ಮಾರ್ಕರ್ ಬಳಿದು, ಮುಚ್ಚಿ, ಒಂದೇ ಒಂದು ಸಲ ಕುದುರೆ ಬಿಡಿ. ಮಸಿ ಎಲ್ಲಿ ಹೋಗಿದೆ ಅಂತ ಬೆಳಕಿಗೆ ಹಿಡಿದು ನೋಡಿ. ಸರಿಯಾದ ಲಾಕ್‌ನಲ್ಲಿ ಗೀರು ಫ್ರಿಜನ್ ಎತ್ತರದ ಮೂರರಲ್ಲಿ ಎರಡು ಪಾಲಿನ ಹತ್ತಿರ ಶುರುವಾಗಿ, ಕಲ್ಲಿನ ಪೂರ್ತಿ ಅಗಲಕ್ಕೆ, ಒಂದೇ ಸಮ ಕೆಳಗಿನವರೆಗೆ ಇಳಿದಿರುತ್ತದೆ. ಒಂದೇ ಪಕ್ಕದಲ್ಲಿ ಗೀರಿದ್ದರೆ ಕಲ್ಲು ಓರೆಯಾಗಿ ಕೂತಿದೆ. ಅದರ ಒಂದು ಮೂಲೆ ಎಲ್ಲ ಪೆಟ್ಟನ್ನೂ ತಿನ್ನುತ್ತಿದೆ, ಆ ಮೂಲೆಯೇ ಮುರಿಯುತ್ತದೆ. ಮೇಲ್ಗಡೆ ಒಂದು ಆಳವಾದ ಕಚ್ಚು, ಆಮೇಲೆ ಸ್ವಲ್ಪ ಮಸಿ ಹಾಗೇ ಉಳಿದು, ಕೆಳಗೆ ಮತ್ತೆ ಗೀರು ಕಂಡರೆ ಕಲ್ಲು ನೇರವಾಗಿ ಗುದ್ದಿ, ಪುಟಿದು, ಮತ್ತೆ ಬಿದ್ದಿದೆ. ಇಂಥ ಲಾಕ್‌ನಲ್ಲಿ ಯಾವ ಕಲ್ಲೂ ಬಾಳುವುದಿಲ್ಲ.

ನೇರ ಗುದ್ದಿಗೆ ಸಾಮಾನ್ಯ ಕಾರಣ ಕಲ್ಲಿನ ಉದ್ದ. ಉದ್ದ ಜಾಸ್ತಿಯಾದರೆ ಅಂಚು ಬೇಗ ತಾಗುತ್ತದೆ, ಕೆರೆಯುವ ಓರೆ ಸಿಗುವುದಿಲ್ಲ. ಅಂಚು ಫ್ರಿಜನ್ ಮುಖಕ್ಕೆ ಸುಮಾರು 60 ಡಿಗ್ರಿ ಕೋನದಲ್ಲಿ ತಾಗಿದರೆ ಒಳ್ಳೆಯದು. ಅರ್ಧ ಕುದುರೆಯಲ್ಲಿ (ಕುದುರೆಯನ್ನು ಅರ್ಧದವರೆಗೆ ಮಾತ್ರ ಹಿಂದಕ್ಕೆ ಎಳೆದು) ನಿಲ್ಲಿಸಿ ಫ್ರಿಜನ್ ಮುಚ್ಚಿ ನೋಡಿ. ಕಲ್ಲು ಹತ್ತಿರ ಬರಬೇಕು, ಆದರೆ ಮುಟ್ಟಬಾರದು. ಕುದುರೆ ಪೂರ್ತಿ ಕೆಳಗಿದ್ದಾಗ ಅಂಚು ಪ್ಯಾನ್ ಕಡೆ ಮುಖ ಮಾಡಿರಬೇಕು, ಪ್ಯಾನ್‌ಗೂ ನಳಿಗೆಗೂ ತಾಗಬಾರದು. ಕಲ್ಲನ್ನು ತಿರುವಿ ಹಾಕುವುದರಿಂದಲೂ ವ್ಯತ್ಯಾಸವಾಗುತ್ತದೆ. ಇಳಿಜಾರು ಮುಖ ಮೇಲಿದ್ದರೆ ಅಂಚು ಕೆಳಕ್ಕೆ ತಾಗುತ್ತದೆ, ಕೆಳಗಿದ್ದರೆ ಮೇಲಕ್ಕೆ. ಎರಡನ್ನೂ ಮಾಡಿ, ಎರಡು ಸಲವೂ ಮಸಿ ಬಳಿದು ನೋಡಿ. ‘ಇಳಿಜಾರು ಯಾವಾಗಲೂ ಮೇಲೇ ಇರಬೇಕು’ ಅಂತ ವಾದ ಮಾಡುವವರ ಮಾತು ಕೇಳಬೇಡಿ. ಅದನ್ನು ನಿಮ್ಮ ಲಾಕ್ ಹೇಳಬೇಕು.

ಗೀರು ಚೆನ್ನಾಗಿಯೇ ಇದೆ, ಆದರೂ ಅಂಚು ಪುಡಿಯಾಗುತ್ತಿದೆ. ಇಲ್ಲೇ ಬಹಳ ಜನ ಸೋತು ಕೈಚೆಲ್ಲುವುದು. ಇದಕ್ಕೆ ಕಾರಣ ಹೆಚ್ಚಾಗಿ ಫ್ರಿಜನ್ ವಾಪಸ್ ಬಂದು ಹೊಡೆಯುವುದು. ಕಲ್ಲು ತಳ್ಳಿದ ರಭಸಕ್ಕೆ ಫ್ರಿಜನ್ ಮುಂದಕ್ಕೆ ಹಾರಿ ತೆರೆದುಕೊಳ್ಳುತ್ತದೆ. ಅಲ್ಲೇ ನಿಲ್ಲದೆ ಪುಟಿದು ಹಿಂದಕ್ಕೆ ಬಂದರೆ, ಕೆಳಗೆ ಸುಮ್ಮನೆ ನಿಂತಿರುವ ಕಲ್ಲಿನ ಅಂಚಿಗೆ ಗಟ್ಟಿ ಉಕ್ಕು ಬಡಿಯುತ್ತದೆ. ಇದೆಲ್ಲ ಕಣ್ಣಿಗೆ ಕಾಣುವ ವೇಗದಲ್ಲಿ ನಡೆಯುವುದಿಲ್ಲ. ಮೊಬೈಲನ್ನು ಒಂದು ಸ್ಟ್ಯಾಂಡಿಗೆ ಹಾಕಿ, ಸ್ಲೋ ಮೋಷನ್‌ನಲ್ಲಿ ಪಕ್ಕದಿಂದ ಚಿತ್ರೀಕರಿಸಿ. ಕಿಡಿ ಬಿದ್ದ ಮೇಲೆ ಫ್ರಿಜನ್ ಮೆಲ್ಲಗೆ ಹಿಂದಕ್ಕೆ ಬಂದು ಕಲ್ಲಿಗೆ ತಾಗಿ ಚೂರು ಹಾರುವುದು ಪರದೆ ಮೇಲೆ ಕಂಡಾಗ ಯಾರೂ ವಾದ ಮಾಡುವುದಿಲ್ಲ. ಇನ್ನೊಂದು ಗುರುತೂ ಇದೆ. ಈಡು ಹಾರಿದ ಮೇಲೆ ಫ್ರಿಜನ್ ಅರ್ಧ ಮುಚ್ಚಿ, ಕಲ್ಲಿನ ಮೇಲೆ ಒರಗಿ ಕೂತಿರುತ್ತದೆ.

ಇದನ್ನು ಸರಿ ಮಾಡಲು ಫ್ರಿಜನ್ ಸ್ಪ್ರಿಂಗ್ ಹತ್ತಿರ ಬರಬೇಕು. ಫ್ರಿಜನ್‌ನ ಬಾಲ ಆ ಸ್ಪ್ರಿಂಗಿನ ಮೇಲೆ ಜಾರುವ ಜಾಗ ಒರಟಾಗಿದ್ದರೆ ಅಥವಾ ಅಲ್ಲಿ ಗುಂಡಿ ಬಿದ್ದಿದ್ದರೆ ನಯವಾಗಿ ಉಜ್ಜಿ, ಒಂದು ಹನಿ ಎಣ್ಣೆ ಕೊಡಿ. ತೆರೆದ ಮೇಲೆ ಫ್ರಿಜನನ್ನು ಹಿಡಿದು ನಿಲ್ಲಿಸುವಷ್ಟು ಬಲ ಸ್ಪ್ರಿಂಗಿಗೆ ಇರಬೇಕು. ಕೆಲವರು ಅದನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡುತ್ತಾರೆ. ಆಗ ಫ್ರಿಜನ್ ಸುಲಭವಾಗಿ ತೆರೆಯುತ್ತದೆ ನಿಜ, ಅಷ್ಟೇ ಸುಲಭವಾಗಿ ವಾಪಸ್ಸೂ ಬರುತ್ತದೆ. ಅತಿ ಬಿಗಿಯಾದ ಸ್ಪ್ರಿಂಗೂ ಕೆಟ್ಟದ್ದೇ. ಫ್ರಿಜನ್ ತೆರೆಯಲು ಒಪ್ಪದೆ ಗೋಡೆಯ ಹಾಗೆ ನಿಂತರೆ ಅಂಚು ನಜ್ಜುಗುಜ್ಜಾಗುತ್ತದೆ.

ನನಗೆ ಸಿಟ್ಟು ಬರುವುದು ಕುದುರೆಯನ್ನು ಬೀಳಿಸುವ ಮೇನ್ ಸ್ಪ್ರಿಂಗ್ ವಿಷಯಕ್ಕೆ. ಕಿಡಿ ಕಡಿಮೆ ಅಂತ ಯಾರಾದರೂ ಹೇಳಿದ ತಕ್ಷಣ ‘ಗಟ್ಟಿ ಸ್ಪ್ರಿಂಗ್ ಹಾಕಿ’ ಎಂಬ ಸಲಹೆ ಬರುತ್ತದೆ. ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಓರೆ ತಪ್ಪಿದ ಲಾಕ್‌ಗೆ ಬಲ ಜಾಸ್ತಿ ಕೊಟ್ಟರೆ ಗುದ್ದು ಜಾಸ್ತಿಯಾಗುತ್ತದೆ, ಅಷ್ಟೇ. ಕಲ್ಲು ಇನ್ನೂ ಬೇಗ ಒಡೆಯುತ್ತದೆ, ಫ್ರಿಜನ್ ಮುಖ ಹಾಳಾಗುತ್ತದೆ, ಗುರಿ ಹಿಡಿದ ರೈಫಲ್ಲೂ ಅಲುಗುತ್ತದೆ. ಎರಡು ಸ್ಪ್ರಿಂಗ್‌ಗಳ ನಡುವೆ ಹೊಂದಾಣಿಕೆ ಇದ್ದರೆ ಸಾಧಾರಣ ಬಲದಲ್ಲೇ ಕಿಡಿ ಸುರಿಯುತ್ತದೆ.

ಕಲ್ಲು ಅಂಚಿನಲ್ಲಿ ಅಲ್ಲದೆ ನಡುವಿಗೇ ಎರಡು ತುಂಡಾದರೆ ಕುದುರೆಯ ದವಡೆ ನೋಡಿ. ಬೆನ್ನ ಮೇಲೆ ಗೂನಿರುವ ಕಲ್ಲನ್ನು ಮೇಲಿನ ದವಡೆ ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಸ್ಕ್ರೂ ಬಿಗಿ ಮಾಡಿದಷ್ಟೂ ಅಪಾಯ. ಗೂನನ್ನು ಚಕ್ಕೆ ಎಬ್ಬಿಸಿ ಇಳಿಸಬೇಕು, ಇಲ್ಲವೇ ಆ ಕಲ್ಲನ್ನು ಬಿಡಬೇಕು. ಹಿಡಿತಕ್ಕೆ ಸುತ್ತುವ ಚರ್ಮ ತೆಳ್ಳಗೆ, ಗಟ್ಟಿಯಾಗಿರಲಿ. ಮೆತ್ತನೆಯ ದಪ್ಪ ಚರ್ಮದಲ್ಲಿ ಕಲ್ಲು ಪ್ರತಿ ಏಟಿಗೂ ತೊನೆಯುತ್ತದೆ. ಹಳೆಯ ಸೈನಿಕರ ಮಸ್ಕೆಟ್‌ಗಳಲ್ಲಿ ಸೀಸದ ತಗಡನ್ನೂ ಸುತ್ತುತ್ತಿದ್ದರು. ರೈಫಲ್‌ನ ಸಣ್ಣ ಲಾಕ್‌ಗೆ ಆ ಭಾರ ಬೇಡ, ಚರ್ಮವೇ ಸಾಕು ಅನ್ನುವವನು ನಾನು. ಹೊಸ ಚರ್ಮ ಮೊದಲ ಕೆಲವು ಈಡಿಗೇ ಅಮುಕಿಕೊಳ್ಳುತ್ತದೆ. ಆಗ ಸ್ಕ್ರೂ ಮತ್ತೆ ಬಿಗಿ ಮಾಡದಿದ್ದರೆ ಕಲ್ಲು ತಿರುಗಿ ಓರೆಯಾಗುತ್ತದೆ.

ಫ್ರಿಜನ್ ಮುಖದಲ್ಲಿ ಅಡ್ಡಡ್ಡ ಏರಿಳಿತ ಬಿದ್ದಿದ್ದರೆ ಹೊಸ ಕಲ್ಲು ಆ ಗುಂಡಿಗಳಿಗೆ ಸಿಕ್ಕಿ ಮುರಿಯುತ್ತದೆ. ಮೊದಲು ಮುಖವನ್ನು ಸಮ ಮಾಡಬೇಕು. ಅರ ಹಾಕಿದರೆ ಕಚ್ಚದೆ ಜಾರಬೇಕು, ಕಚ್ಚಿದರೆ ಉಕ್ಕು ಮೆತ್ತಗಿದೆ. ಮೆತ್ತಗಿನ ಫ್ರಿಜನ್‌ನ ಕಿಡಿ ಮಂಕಾಗಿ, ಕೆಂಪಗೆ ಬಂದು ಬೇಗ ಆರುತ್ತದೆ. ಅದನ್ನು ಮತ್ತೆ ಕಾಯಿಸಿ ಗಟ್ಟಿ ಮಾಡುವುದು ಉಕ್ಕಿನ ಜಾತಿ ಗೊತ್ತಿರುವವರ ಕೆಲಸ. ಮನೆಯ ಗ್ಯಾಸ್ ಒಲೆಯ ಮೇಲೆ ಆ ಪ್ರಯೋಗ ಬೇಡ.

ಇಷ್ಟಾದ ಮೇಲೂ ಬಗೆಹರಿಯದಿದ್ದರೆ ಖಂಡಿತ ಕೇಳಿ, ನೋಡಿ ಹೇಳುತ್ತೇನೆ. ಆದರೆ ಒಡೆದ ಕಲ್ಲಿನ ಫೋಟೋ ಒಂದನ್ನೇ ಹಾಕಬೇಡಿ. ಮಸಿ ಬಳಿದು ಒಂದು ಏಟು ಹೊಡೆದ ಫ್ರಿಜನ್ ಮುಖದ ಫೋಟೋ, ಅರ್ಧ ಕುದುರೆಯಲ್ಲಿ ನಿಂತ ಲಾಕನ್ನು ಪಕ್ಕದಿಂದ ತೆಗೆದ ಇನ್ನೊಂದು ಫೋಟೋ, ಸಾಧ್ಯವಾದರೆ ಆ ಸ್ಲೋ ಮೋಷನ್ ವಿಡಿಯೋ ಸಹ ಹಾಕಿ.