ಕರ್ನಾಟಕ: ಹೆಸರು ಇಂಗ್ಲಿಷರದ್ದಲ್ಲ

ನವೆಂಬರ್ ಬಂತೆಂದರೆ ಒಂದು ಮೆಸೇಜ್ ಸುತ್ತುತ್ತದೆ. ಇಂಗ್ಲಿಷರ 'ಕರ್ನಾಟಿಕ್' ಪದವೇ 1973ರಲ್ಲಿ ನಮ್ಮ ರಾಜ್ಯದ ಹೆಸರಾಯಿತು ಅಂತ. ಇದು ತಪ್ಪು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದದ್ದು ನಿಜ. ಆದರೆ ಹೆಸರು ಹಳೆಯದು.

ಜ್ಯೋತಿಷಿ ವರಾಹಮಿಹಿರನ ಸಂಸ್ಕೃತ ಗ್ರಂಥ ಬೃಹತ್ಸಂಹಿತೆ 6ನೇ ಶತಮಾನದ್ದು. ಅದರಲ್ಲೇ 'ಕರ್ಣಾಟ' ಇದೆ. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ಅಂದರೆ ಪದ ಕೊಟ್ಟವರು ನಾವು, ತೆಗೆದುಕೊಂಡವರು ಅವರು.

ಗೊಂದಲ ಆಗೋದು ಸಹಜ, ಯಾಕೆಂದರೆ ಇಂಗ್ಲಿಷರು 'ಕರ್ನಾಟಿಕ್' ಅಂದದ್ದು ಹೆಚ್ಚಾಗಿ ಆರ್ಕಾಟಿನ ಸೀಮೆಗೆ. ಅದರ ಬಹುಪಾಲು ಇವತ್ತಿನ ತಮಿಳುನಾಡಿನಲ್ಲಿದೆ.

ಉಚ್ಚಾರಣೆಯೂ ಊರಿಗೊಂದು ಥರ. ಹಿಂದಿಯವರು ಕೊನೆಯ ಅಕಾರ ಬಿಟ್ಟು 'ಕರ್ನಾಟಕ್' ಅನ್ನುತ್ತಾರೆ. ತಮಿಳರ ಬಾಯಲ್ಲಿ 'ಕರ್ನಾಡಗಂ'. ನಮ್ಮಲ್ಲೇ ಹಳಬರು 'ಕರ್ಣಾಟಕ' ಎಂದು ಬರೆಯುತ್ತಿದ್ದರು. ಯಾವುದೂ ಅವಮಾನವಲ್ಲ, ಆಯಾ ಭಾಷೆಯ ನಾಲಿಗೆ ಹಾಗೆ.

ಮೂಲ 'ಕರುನಾಡು', ಎತ್ತರದ ನಾಡು ಅಂತ ಕೆಲವರು. 'ಕರಿ ನಾಡು', ಕಪ್ಪು ಮಣ್ಣಿನ ನೆಲ ಅಂತ ಇನ್ನು ಕೆಲವರು. ನನಗೆ ಎರಡೂ ಇಷ್ಟ.

ಇಂಥ ಮೆಸೇಜ್ ಬಂದರೆ ಒಂದೇ ಪ್ರಶ್ನೆ ಕೇಳಿ: ಈ ಪದ ಮೊದಲು ಸಿಕ್ಕಿದ್ದು ಯಾವ ಕಾಲದ ಬರಹದಲ್ಲಿ? ನಿಘಂಟು, ಶಾಸನ ಸಂಪುಟಗಳು ಲೈಬ್ರರಿಯಲ್ಲಿ ಸಿಗುತ್ತವೆ. ಇಸವಿ ನೋಡಿದರೆ ಸಾಕು, ಅಲ್ವಾ?