ಹಬ್ಬದ ಬ್ರಂಚು, ಒಂದು ಪುಟ್ಟಬಾಳೆ

ಸ್ನೇಹಿತರನ್ನು ಊಟಕ್ಕೆ ಕರೆಯೋದು ಮೊದಲು ಎಷ್ಟು ಸುಲಭ ಇತ್ತು! ಎಷ್ಟು ಜನ ಬರ್ತೀರಿ ಅಂತ ಕೇಳಿದರೆ ಮುಗೀತು. ಈಗ ಹಾಗಲ್ಲ. ಒಬ್ಬರು ಗೋಧಿ ಬಿಟ್ಟಿರುತ್ತಾರೆ, ಇನ್ನೊಬ್ಬರು ಸಕ್ಕರೆ ಬಿಟ್ಟಿರುತ್ತಾರೆ, ಮತ್ತೊಬ್ಬರು ಹಾಲು ಬಿಟ್ಟಿರುತ್ತಾರೆ. ಯಾರು ಏನು ಬಿಟ್ಟಿದ್ದಾರೆ ಅಂತ ನೆನಪಿಟ್ಟುಕೊಳ್ಳೋದನ್ನು ಮಾತ್ರ ಕರೆದವರು ಬಿಡೋ ಹಾಗಿಲ್ಲ. ಹೋಗಲಿ, ಅದನ್ನೂ ಸಹಿಸಬಹುದು. ಆದರೆ ಈಚೆಗೆ ಹೊಟ್ಟೆಗೆ ಗಡಿಯಾರ ಕಟ್ಟಿಕೊಂಡವರು ಬಂದಿದ್ದಾರಲ್ಲ, 16 ಗಂಟೆ ಉಪವಾಸ, 8 ಗಂಟೆ ಊಟ ಅನ್ನೋರು? ಅವರನ್ನು ಹಬ್ಬಕ್ಕೆ ಕರೆದವರ ಪಾಡು ಯಾರಿಗೂ ಬೇಡ.

ಈ ಸಲ ದೀಪಾವಳಿ ಪಾಡ್ಯಕ್ಕೆ ಕಾಲೇಜಿನ ಗುಂಪನ್ನು ತೀರ್ಥಹಳ್ಳಿ ಹತ್ತಿರದ ಒಂದು ಪುಟ್ಟ ಹೋಂಸ್ಟೇಗೆ ಕರೆದೆ. ಅಡಿಕೆ ತೋಟದ ಅಂಚಿನಲ್ಲಿ ಹೆಂಚಿನ ಮನೆ, ನಾಲ್ಕೇ ರೂಮು. ತಿಂಡಿಗೆ ಅಂದರೆ ನಮ್ಮವರು ಏಳೋದಿಲ್ಲ. ಊಟಕ್ಕೆ ಅಂದರೆ ವಾಪಸ್ ಹೊರಡೋಕೆ ತಡ ಆಗುತ್ತೆ ಅಂತಾರೆ. ಅದಕ್ಕೇ ಹತ್ತೂವರೆಗೆ ಬ್ರಂಚು ಅಂತ ತೀರ್ಮಾನ ಆಯ್ತು. ಹೋಂಸ್ಟೇ ಯಜಮಾನರಿಗೆ ಫೋನಿನಲ್ಲಿ ಇದನ್ನು ವಿವರಿಸೋದೇ ಒಂದು ಕೆಲಸ.

“ತಿಂಡಿ ಎಂಟಕ್ಕೆ, ಊಟ ಒಂದಕ್ಕೆ. ಹತ್ತೂವರೆಗೆ ಎಂತದು ಮಾರಾಯ್ರೆ?”

“ಎರಡೂ ಸೇರಿಸಿ ಒಂದೇ ಸಲ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಮನೇಲಿ ಕೇಳಿ ಹೇಳ್ತೆ” ಅಂದರು.

ಮನೆಯವರು, ಅಂದರೆ ನಾವೆಲ್ಲ ಅಮ್ಮ ಅಂತ ಕರೆದ ಆ ಹೆಂಗಸು, ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಹಬ್ಬದ ಬೆಳಗ್ಗೆ ನಾಲ್ಕಕ್ಕೇ ಎದ್ದು ಒಲೆ ಹಚ್ಚಿದ್ದರು. ಚೀನಿಕಾಯಿ ಕಡುಬು, ಸೌತೆಕಾಯಿ ಕಡುಬು, ಒತ್ತು ಶಾವಿಗೆ, ಕಾಯಿಹಾಲು, ಹೋಳಿಗೆ, ಮೇಲಿಂದ ಅನ್ನ, ಸಾರು, ಪಲ್ಯ. ಬ್ರಂಚು ಅಂದರೆ ಒಂದು ಹೊತ್ತು ಕಡಿಮೆ ಅಂತ ಅವರು ಅರ್ಥ ಮಾಡಿಕೊಂಡೇ ಇರಲಿಲ್ಲ. ತಿಂಡಿಯನ್ನೂ ಊಟವನ್ನೂ ಒಂದೇ ಎಲೆಗೆ ಹಾಕೋದು ಅಂತ ತಿಳಿದಿದ್ದರು. ನನಗೇನೂ ತಕರಾರಿರಲಿಲ್ಲ.

ಗೋಪೂಜೆ ಆಗದೆ ಎಲೆ ಹಾಕೋ ಹಾಗಿಲ್ಲ. ಕೊಟ್ಟಿಗೆಯಲ್ಲಿ ದನಗಳಿಗೆ ಮೈ ತೊಳೆದು, ಅಕ್ಕಿ ಅಳೆಯೋ ಸಿದ್ದೆಯನ್ನು ಬಿಳಿ ಜೇಡಿಯಲ್ಲೂ ಕೆಮ್ಮಣ್ಣಿನಲ್ಲೂ ಅದ್ದಿ ಮೈಮೇಲೆಲ್ಲ ದುಂಡನೆಯ ಮುದ್ರೆ ಒತ್ತಿದ್ದರು. ಕೊರಳಿಗೆ ಅಡಿಕೆ, ಚೆಂಡುಹೂವಿನ ಮಾಲೆ. ಗೌರಿ ಅನ್ನೋ ಕರು ಪಕ್ಕದಲ್ಲಿದ್ದ ತಾಯಿಯ ಮಾಲೆಯನ್ನೇ ಎಳೆದು ತಿನ್ನುತ್ತಾ ಇತ್ತು. ಅಲ್ಲೇ ನಿಂತು ನಮ್ಮ ಗೆಳತಿಯೊಬ್ಬಳು ಕಾಫಿಗೆ ಓಟ್ಸ್ ಹಾಲು ಸಿಗುತ್ತಾ ಅಂತ ಕೇಳಿದಳು. ಪೂಜೆಯ ದಿನ, ಹಸುವಿನ ಎದುರಿಗೆ! ಅಮ್ಮನಿಗೆ ಅರ್ಥ ಆಗಲಿಲ್ಲ, ಸದ್ಯ.

ಈಗ ನಮ್ಮ ಗಡಿಯಾರದವನ ಕಥೆಗೆ ಬರೋಣ. ಹಿಂದಿನ ರಾತ್ರಿ ಎಂಟಕ್ಕೆ ಅವನ ಊಟ ಮುಗಿದಿತ್ತು. ಹಾಗಾಗಿ ಮಧ್ಯಾಹ್ನ ಹನ್ನೆರಡಕ್ಕೆ ಬಾಯಿ ತೆರೆಯಬಹುದಿತ್ತು. ನಾವೂ ಅಷ್ಟು ಹೊತ್ತು ಎಳೆಯೋಣ ಅಂದುಕೊಂಡಿದ್ದೆವು. ಆದರೆ ರಾತ್ರಿ ಯಜಮಾನರು “ನಮ್ಮ ತೋಟದ್ದೇ” ಅಂತ ಒಂದು ಪುಟ್ಟಬಾಳೆ ಕೈಗಿಟ್ಟಿದ್ದರು. ಇವನು ದಾಕ್ಷಿಣ್ಯಕ್ಕೆ ತಿಂದಿದ್ದ. 9.10ಕ್ಕೆ.

ಆ ಬಾಳೆಹಣ್ಣನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ ಬೆಳಗ್ಗೆ ಅರ್ಧ ಗಂಟೆ ವಿಚಾರಣೆ ನಡೆಯಿತು. ಪುಟ್ಟಬಾಳೆ ಬಹಳ ಸಣ್ಣದು, ಬಿಟ್ಟುಬಿಡು ಅಂತ ಒಬ್ಬ ವಾದ ಮಾಡಿದ. ಇವನು ಒಪ್ಪಲಿಲ್ಲ. ಆ್ಯಪನ್ನು ಕೇಳಬೇಕಂತೆ. ಅಲ್ಲಿ ನೆಟ್‌ವರ್ಕ್ ಸಿಗೋದು ಗೊಬ್ಬರದ ಗುಂಡಿ ಪಕ್ಕ ಮಾತ್ರ, ಅದೂ ಒಂದೇ ಕಡ್ಡಿ. ಹೊಸ ಜುಬ್ಬಾ ಹಾಕಿಕೊಂಡು ಹೋಗಿ ಫೋನನ್ನು ಆಕಾಶಕ್ಕೆ ಎತ್ತಿ ನಿಂತ. ತಿರುಗಿ ಬಂದು ತೀರ್ಪು ಕೊಟ್ಟ: “1.10.”

ಸರಿ, ನಾವು ತಿನ್ನೋಣ ಅಂತ ಕೂತರೆ, “ನಂಗೂ ಎಲೆ ಹಾಕಿಸಿ, ಆಮೇಲೆ ಖಾಲಿಯಾದ್ರೆ?” ಅಂತ ಪಕ್ಕದಲ್ಲೇ ಕೂತ. ಎಲ್ಲವನ್ನೂ ಎರಡೆರಡು ಬಡಿಸಿಕೊಂಡ. ಕಡುಬಿನ ಮೇಲೆ ತುಪ್ಪ ಹಾಕಿಸಿಕೊಂಡ, ಪಕ್ಕದಲ್ಲಿ ಜೋನಿಬೆಲ್ಲ ಬಿಡಿಸಿಕೊಂಡ. ಆಮೇಲೆ ಒಂದು ಕೈಯಲ್ಲಿ ನೊಣ ಓಡಿಸುತ್ತಾ ನಮ್ಮ ಬಾಯನ್ನೇ ನೋಡುತ್ತಾ ಕೂತ. “ಹೇಗಿದೆ? ಮೆತ್ತಗಿದೆಯಾ? ಬೆಲ್ಲದ ಜೊತೆ ಚೆನ್ನಾಗಿರುತ್ತಾ, ಚಟ್ನಿ ಜೊತೆನಾ?” ಯಾರಾದರೂ ಎದುರಿಗೆ ಕೂತು ತುತ್ತು ಎಣಿಸುತ್ತಾ ಇದ್ದರೆ ಹೋಳಿಗೆ ಗಂಟಲಲ್ಲಿ ಇಳಿಯುತ್ತಾ ಹೇಳಿ? ಕೊನೆಗೆ, “ಇಲ್ಲಿ ಕೂತ್ರೆ ಬಾಯಲ್ಲಿ ನೀರೂರುತ್ತೆ, ವಾಸನೆಗೇ ಇನ್ಸುಲಿನ್ ಏರಿಬಿಡುತ್ತೆ” ಅಂತ ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿ ತೋಟ ಸುತ್ತೋಕೆ ಹೋದ.

ಇದೇ ಮನುಷ್ಯ ಹಾಸ್ಟೆಲಿನಲ್ಲಿ ರಾತ್ರಿ ಹನ್ನೆರಡಕ್ಕೆ ಮೆಸ್ಸಿನ ಬೀಗ ಅಲ್ಲಾಡಿಸಿ ತಣ್ಣಗಾದ ಉಪ್ಪಿಟ್ಟು ತಂದವನು. ಒಂದೇ ತಟ್ಟೆಗೆ ಐದು ಕೈ ಬೀಳುತ್ತಿತ್ತು. ಆಗ ಯಾರ ಹೊಟ್ಟೆಗೂ ಹೊತ್ತುಗೊತ್ತು ಇರಲಿಲ್ಲ. ಈಗ ಒಟ್ಟಿಗೆ ಕೂತು ಉಣ್ಣೋಕೆ ಮುನ್ನೂರು ಚಿಲ್ಲರೆ ಕಿಲೋಮೀಟರ್ ಬಂದರೂ ನಮ್ಮ ನಮ್ಮ ಟೈಮೇ ಸೇರುತ್ತಿಲ್ಲ. “ರಾತ್ರಿ ಅಂಟಿಗೆ-ಪಂಟಿಗೆಯವರು ಜ್ಯೋತಿ ಹಿಡ್ಕೊಂಡು ಹಾಡ್ತಾ ಬರ್ತಾರೆ, ನೋಡಿ ಹೋಗಿ” ಅಂತ ಯಜಮಾನರು ಎಷ್ಟು ಹೇಳಿದರು! ಯಾರಿಗೂ ಮರುದಿನ ರಜೆ ಇರಲಿಲ್ಲ. ನನಗೂ.

ಇತ್ತ ಅಮ್ಮ ಬಂದು ಮುಚ್ಚಿದ ಎಲೆ ನೋಡಿದರು. “ಇವ್ರು ಎಂತಕ್ಕೆ ಮುಟ್ಲಿಲ್ಲ?”

“ಉಪವಾಸ ಅಮ್ಮ” ಅಂದಳು ಓಟ್ಸ್ ಹಾಲಿನವಳು.

“ಹಬ್ಬದ ದಿನವಾ? ಎಂತ ವ್ರತ?”

ನಾವು ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಅವರೇ, ಪಾಪ, ದೊಡ್ಡ ವ್ರತವೇ ಇರಬೇಕು ಅಂತ ಕೈ ಮುಗಿದು ಎಲೆ ಎತ್ತಿಕೊಂಡು ಹೋದರು. ಮಿಕ್ಕ ಕಡುಬನ್ನು ನೆರೆಮನೆಗಳಿಗೆ ಹಂಚಿದರು. ಇದು ನಮಗೆ ಗೊತ್ತಾಗಿದ್ದು 1.08ಕ್ಕೆ, ಅವನು ಕೈ ತೊಳೆದುಕೊಂಡು ಬಂದು ಕೂತಾಗ. ಕೊಟ್ಟಿಗೆಯಲ್ಲಿ ಗೌರಿ ಜೋನಿಬೆಲ್ಲ ಮೆತ್ತಿದ ಮೂತಿಯನ್ನು ನೆಕ್ಕಿಕೊಳ್ಳುತ್ತಾ ಇತ್ತು.

“ಉಪವಾಸದವ್ರಿಗೆ ಫಲಾಹಾರ ಮಾಡಿದ್ದೆ” ಅಂತ ಅಮ್ಮ ಬಹಳ ಭಕ್ತಿಯಿಂದ ಒಂದು ತಟ್ಟೆ ತಂದಿಟ್ಟರು. ಅವಲಕ್ಕಿ, ಹಾಲು, ಎರಡು ಪುಟ್ಟಬಾಳೆ.

ಅವನು ಒಂದು ಮಾತೂ ಆಡದೆ ತಿಂದ. ಲೆಕ್ಕ ಮಾಡುವಾಗ ಯಜಮಾನರು ಅವನ ಪಾಲಿನ ದುಡ್ಡು ತಗೊಳ್ಳಲೇ ಇಲ್ಲ, ವ್ರತದವರ ಹತ್ತಿರ ಹೇಗೆ ತಗೊಳ್ಳೋದು ಅಂದರು. ಕಾರು ಹತ್ತಿದ ಮೇಲೆ ಅವನಿಗೆ ಮಾತು ಬಂತು. “ನೋಡು, ನನ್ನಿಂದ ನಿಂಗೆ ಉಳಿತಾಯ ಆಯ್ತು.”

ಉಳಿತಾಯ ತರೀಕೆರೆಯಲ್ಲಿ ಮಿರ್ಚಿಗೆ ಹೋಯಿತು. ಕಡೂರಿನಲ್ಲಿ ಮಸಾಲೆ ದೋಸೆಗೆ, ತಿಪಟೂರಿನಲ್ಲಿ ಮಂಡಕ್ಕಿಗೆ ಮತ್ತೆ ನಿಲ್ಲಿಸಿದೆವು. ಅವನ ಎಂಟು ಗಂಟೆ ಮುಗಿಯೋದು 9.10ಕ್ಕೆ, ಅಷ್ಟರೊಳಗೆ ತುಂಬಿಸಿಕೊಳ್ಳಬೇಕಲ್ಲ. ಕ್ಯಾತ್ಸಂದ್ರಕ್ಕೆ ಬಂದಾಗ ಒಂಬತ್ತು ದಾಟಿತ್ತು. ಕಾರು ಪೂರ್ತಿ ನಿಲ್ಲೋ ಮುಂಚೆ ಇಳಿದು ಓಡಿದ. ನಾನು ಹೋಗಿ ನೋಡಿದರೆ ಎರಡು ತಟ್ಟೆ ಇಡ್ಲಿ ಮುಗಿಸಿ ಮೂರನೆಯದಕ್ಕೆ ಚಟ್ನಿ ಹಾಕಿಸಿಕೊಳ್ಳುತ್ತಾ ಇದ್ದ.

“ಯುಗಾದಿಗೆ ಎಲ್ಲಿ ಕರೀತೀಯ?” ಅಂದ. “ಬ್ರಂಚು ಬೇಡ ಕಣೋ, ಟೈಮ್ ಸರಿ ಹೋಗಲ್ಲ.”