ಸ್ವಲ್ಪ ಆಚೆ ನಿಲ್ಲಿ ಅಜ್ಜ, ಹಳ್ಳಿ ಕಾಣ್ತಿಲ್ಲ

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆಯ ಒಳಮಾರ್ಗಗಳಿಗೆ ಈಗ ಭಾರೀ ಬೇಡಿಕೆ. ಭಾನುವಾರ ಬೆಳಗಾದರೆ ಸಾಕು, ಕ್ಯಾಮೆರಾ ಚೀಲ ಬೆನ್ನಿಗೇರಿಸಿಕೊಂಡವರು ಹಾಜರು. ಎರಡೂ ಬದಿಯಲ್ಲಿ ಪಾಚಿ ಹಿಡಿದ ಮುರಕಲ್ಲಿನ ಪಾಗಾರ, ಅದರಾಚೆ ಅಡಿಕೆ ತೋಟ, ನಡುವೆ ಖಾಲಿ ಮಾರ್ಗ. ಇಷ್ಟು ಸಿಕ್ಕಿದರೆ ಅವರಿಗೆ ಹಳ್ಳಿ ಸಿಕ್ಕಿದ ಹಾಗೆ. ತೊಂದರೆ ಒಂದೇ. ಹಳ್ಳಿಯಲ್ಲಿ ಹಳ್ಳಿಯವರೂ ಇದ್ದಾರೆ.

ಇವರಲ್ಲಿ ಒಂದು ಪಂಗಡಕ್ಕೆ ಜನವೇ ಬೇಡ. ಬೆಳಗಿನ ಎಳೆಬಿಸಿಲು ಮಾತ್ರ ಬೇಕು. ಅದಕ್ಕೆ ಗೋಲ್ಡನ್ ಅವರ್ ಅಂತಾರೆ. ಗ್ರಹಚಾರಕ್ಕೆ ಸೊಸೈಟಿಗೆ ಹಾಲು ಒಯ್ಯುವವರು, ರಬ್ಬರ್ ಟ್ಯಾಪಿಂಗಿನವರು, ಮದ್ರಸಕ್ಕೆ ಓಡುವ ಮಕ್ಕಳು, ಎಲ್ಲರದ್ದೂ ಅದೇ ಹೊತ್ತು. ಹಾಲಿನ ಕ್ಯಾನು ಹಿಡಿದ ಅಜ್ಜ ತಿರುವಿನಲ್ಲಿ ಕಾಣಿಸಿದ ಕೂಡಲೇ ಶುರು.

‘ಅಂಕಲ್, ಒಂದ್ನಿಮಿಷ ಆಚೆ ನಿಲ್ತೀರಾ?’

‘ಎಂತಕ್ಕೆ ಮಾರಾಯ್ರೇ?’

‘ಫ್ರೇಮ್ ಕ್ಲೀನ್ ಇರ್ಬೇಕು.’

ಅಜ್ಜ ಪಾಪ, ಯಾರದೋ ಗೇಟಿನೊಳಗೆ ಸರಿಯುತ್ತಾರೆ. ಹಾಲು ಹಾಳಾದರೂ ಫ್ರೇಮು ಹಾಳಾಗಬಾರದಲ್ವಾ?

ಈ ಕ್ಲೀನ್ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ತಿಂಗಳಿಗೆ ಮನೆಗೆ 50 ರೂಪಾಯಿ ತೆಗೆದುಕೊಂಡು ಪ್ಲಾಸ್ಟಿಕ್ಕನ್ನು ಗೋಣಿಗೆ ತುಂಬಿಸಿ ಒಯ್ಯುವ ಹರಿತ ಕರ್ಮ ಸೇನೆಯ ಅಕ್ಕಂದಿರು ಇಲ್ಲದಿದ್ದರೆ ಆ ಮಾರ್ಗದಲ್ಲಿ ಪಾಚಿಗಿಂತ ಜಾಸ್ತಿ ಚಿಪ್ಸ್ ಪ್ಯಾಕೆಟ್ಟೇ ಕಾಣುತ್ತಿತ್ತು. ಆದರೆ ಅದೇ ಅಕ್ಕ ಗೋಣಿ ಹೊತ್ತು ಬಂದರೆ ಫೋಟೋ ಕೆಟ್ಟಿತು.

ಸರಿಯಲು ಒಪ್ಪದವರಿಗೂ ಮದ್ದಿದೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ, ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಿ, ನಿಮಿಷಗಟ್ಟಲೆ ಶಟರ್ ತೆರೆದಿಟ್ಟರೆ ನಡೆದಾಡುವವರು ಫೋಟೋದಲ್ಲಿ ಬೀಳುವುದೇ ಇಲ್ಲ. 1838ರಲ್ಲಿ ಡಾಗೆರ್ ಎಂಬವರು ಪ್ಯಾರಿಸ್ಸಿನ ಬೀದಿಯೊಂದರ ಫೋಟೋ ತೆಗೆದಾಗ ಆದದ್ದೂ ಇದೇ. ಆ ಕಾಲದ ಪ್ಲೇಟಿಗೆ ಅಷ್ಟು ಹೊತ್ತು ಬೆಳಕು ಬೇಕಿತ್ತು. ಜನ, ಗಾಡಿ ಎಲ್ಲ ಮಾಯ. ಉಳಿದದ್ದು ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತವನೊಬ್ಬ, ಪಾಲಿಶ್ ಮಾಡುವವನೊಬ್ಬ. ಪಾಪ, ಡಾಗೆರಿಗೆ ಬೇರೆ ದಾರಿ ಇರಲಿಲ್ಲ. ನಮ್ಮವರು ದುಡ್ಡು ಕೊಟ್ಟು ಫಿಲ್ಟರ್ ತರಿಸುತ್ತಾರೆ. ನಮ್ಮ ಅಜ್ಜನ ಕಾಲಿಗೆ ಹವಾಯಿ ಚಪ್ಪಲಿ. ಪಾಲಿಶ್ ನೆಪದಲ್ಲಿ ಉಳಿಯುವ ಭಾಗ್ಯವೂ ಇಲ್ಲ.

ಇನ್ನೊಂದು ಪಂಗಡಕ್ಕೆ ಜನ ಬೇಕೇ ಬೇಕು. ಜನ ಅಂದರೆ ಒಬ್ಬರು. ವಯಸ್ಸಾಗಿರಬೇಕು, ಬೆನ್ನು ತುಸು ಬಾಗಿರಬೇಕು, ಹೆಗಲಲ್ಲಿ ಬೈರಾಸು ಇರಬೇಕು. ತಲೆಯಲ್ಲಿ ಅಡಿಕೆ ಹಾಳೆಯ ಟೋಪಿ, ಅಂದರೆ ಮುಟ್ಟಾಳೆ ಇದ್ದರಂತೂ ಬಹುಮಾನ ಗ್ಯಾರಂಟಿ. ಗೇಟಿನೊಳಗೆ ಸರಿದಿದ್ದ ಅಜ್ಜನನ್ನೇ ಇವರು ಹೊರಗೆ ಕರೆಯುತ್ತಾರೆ. ‘ನಿಧಾನ ನಡೀರಿ ಅಜ್ಜ. ಇನ್ನೂ ನಿಧಾನ. ನಗ್ಬೇಡಿ. ಮೊಬೈಲ್ ಕಿಸೆಗೆ ಹಾಕಿ.’ ಮೊಬೈಲಿನಲ್ಲಿ ದುಬೈಯ ಮಗ ವಿಡಿಯೋ ಕಾಲಿನಲ್ಲಿದ್ದಾನೆ. ಅವನನ್ನು ಕಟ್ ಮಾಡಿ ಅಜ್ಜ ಒಂಟಿಯಾಗಿ ನಡೆಯಬೇಕು. ಫೋಟೋದ ಹೆಸರು ‘ಏಕಾಂತ’.

ಕೇಳದೆ ಫ್ರೇಮು ಬದಲಿಸುವುದು ನಮಗೇನೂ ಹೊಸತಲ್ಲ ಬಿಡಿ. 1956ರ ನವೆಂಬರ್ 1ರಂದು ನಾವು ಇದ್ದಲ್ಲೇ ಇದ್ದೆವು, ಕಾಸರಗೋಡು ಕೇರಳಕ್ಕೆ ಸೇರಿ ರಾಜ್ಯ ಬದಲಾಯಿತು. ಈಗ ಕೊಚ್ಚಿಯಿಂದ ಬಂದವರ ಫೋಟೋದಲ್ಲಿ ನಮ್ಮದು ಕರ್ನಾಟಕದ ಹಳ್ಳಿ, ಬೆಂಗಳೂರಿನವರ ಫೋಟೋದಲ್ಲಿ ದೇವರ ಸ್ವಂತ ನಾಡು. ಒಬ್ಬರಿಗೆ ಕನ್ನಡ ಬೋರ್ಡು ಅಡ್ಡ, ಇನ್ನೊಬ್ಬರಿಗೆ ಮಲಯಾಳ ಬೋರ್ಡು ಅಡ್ಡ. ಫ್ಲೆಕ್ಸು, ಕೇಬಲ್ ವಯರು, ಪಾಗಾರಕ್ಕೆ ಒರಗಿಸಿದ ಸ್ಕೂಟರು ಎಲ್ಲರಿಗೂ ಅಡ್ಡ. ಎಡಿಟಿಂಗ್ ಮುಗಿಯುವಾಗ ಮಾರ್ಗದಲ್ಲಿ ಡಾಮರು ಉಳಿದರೆ ಪುಣ್ಯ.

ನಿಜಕ್ಕೂ ಖಾಲಿ ಮಾರ್ಗ ಬೇಕಿದ್ದರೆ ಮಧ್ಯಾಹ್ನ ಬನ್ನಿ ಸ್ವಾಮಿ. ಮಕ್ಕಳೆಲ್ಲ ಬೆಂಗಳೂರು, ಗಲ್ಫ್ ಅಂತ ಹೋಗಿ ಬೀಗ ಬಿದ್ದ ಮನೆಗಳು ಬೇಕಾದಷ್ಟಿವೆ. ಯಾರನ್ನೂ ಸರಿಸಬೇಕಾಗಿಲ್ಲ. ಆದರೆ ಆ ಹೊತ್ತಿಗೆ ಬೆಳಕು ಸರಿ ಇಲ್ಲವಂತೆ.

ಹಾಗಾಗಿ ಪಂಚಾಯತಿಗೆ ಒಂದು ಸಲಹೆ. ತಿರುವಿನಲ್ಲಿ ದರಪಟ್ಟಿ ಹಾಕಿಬಿಡಿ. ಸರಿಯುವುದಕ್ಕೆ ಇಷ್ಟು, ನಿಲ್ಲುವುದಕ್ಕೆ ಇಷ್ಟು, ನಗದೆ ನಡೆಯುವುದಕ್ಕೆ ಡಬ್ಬಲ್. ಅಜ್ಜನಿಗೂ ಹೇಳಿ ನೋಡಿದೆ. ಒಪ್ಪಿದರು. ತಕರಾರು ಒಂದೇ:

‘ಮುಟ್ಟಾಳೆಯ ಬಾಡಿಗೆ ಬೇರೆ ಹಾಕಿ ಮಾರಾಯ್ರೇ. ನನ್ನ ಹತ್ರ ಇರುವುದು ಹೆಲ್ಮೆಟ್ ಮಾತ್ರ.’